ಮುದ್ದಣ ಬಚ್ಚಿಟ್ಟ ಹೆಸರು, ನಾನು ಬಚ್ಚಿಟ್ಟ ಹೆಸರು

ಕಳೆದ ವರ್ಷ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಕಥೆ ಕಂತು ಕಂತಾಗಿ ಬರುತ್ತಿತ್ತು. ಹಿಮ ಮುಚ್ಚಿದ ಒಂದು ರಾಜ್ಯ, ಕಲ್ಲಿನ ಕೋಟೆ, ಡ್ರ್ಯಾಗನ್ನಿನ ಮೊಟ್ಟೆ ಕದ್ದು ಓಡುವ ಹುಡುಗ. ಪ್ರತಿ ಕಂತಿನ ಕೊನೆಯಲ್ಲಿ ‘ಮೂಲ: ಆರ್. ಗ್ರೇ, ಇಂಗ್ಲಿಷ್‌ನಿಂದ ಕನ್ನಡಕ್ಕೆ’ ಎಂಬ ಸಾಲು. ಹನ್ನೊಂದನೇ ಕಂತು ಬಂದ ದಿನ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಗೋಳಿಬಜೆ ತಿನ್ನುತ್ತಿದ್ದ ಗೆಳೆಯ ಹೇಳಿದ: “ಅನುವಾದ ಪರವಾಗಿಲ್ಲ ಮಾರಾಯ. ಆದ್ರೆ ಒರಿಜಿನಲ್ ಬೇರೆಯೇ ಲೆವೆಲ್‌ನಲ್ಲಿ ಇರ್ಬೇಕು. ಪಿಡಿಎಫ್ ಸಿಕ್ಕಿದ್ರೆ ಕಳಿಸು.”

ಒರಿಜಿನಲ್ ಇರಲಿಲ್ಲ. ಆರ್. ಗ್ರೇ ಎಂಬ ಮನುಷ್ಯನೂ ಇಲ್ಲ. ಅದನ್ನು ಬರೆಯುತ್ತಿದ್ದದ್ದು ನಾನು, ರಾತ್ರಿ ಹನ್ನೊಂದರ ಮೇಲೆ, ಮೊಬೈಲಿನಲ್ಲಿ, ಕನ್ನಡದಲ್ಲೇ.

ಹೀಗೇಕೆ ಮಾಡಿದೆ ಎಂದು ಕೇಳಿದರೆ ಒಂದು ಸಣ್ಣ ಘಟನೆ ಹೇಳಬೇಕು. ಮೊದಲ ವರ್ಷದಲ್ಲಿದ್ದಾಗ ಅಂತರ್ ಕಾಲೇಜು ಕಥಾಸ್ಪರ್ಧೆಯೊಂದಕ್ಕೆ ಒಂದು ಫ್ಯಾಂಟಸಿ ಕಥೆ ಕಳಿಸಿದ್ದೆ. ಬಹುಮಾನ ಬರಲಿಲ್ಲ, ಅದು ದೊಡ್ಡ ವಿಷಯವಲ್ಲ. ತೀರ್ಪುಗಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಪ್ರೀತಿಯಿಂದಲೇ, “ಚೆನ್ನಾಗಿದೆ ಮಗು, ಯಾವ ಸಿನಿಮಾದಿಂದ ತೆಗೆದದ್ದು?” ಎಂದರು. ಅಲ್ಲಿಂದ ಬಸ್ಸು ಹಿಡಿದು ಮನೆಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು. ಹೇಗೂ ಕದ್ದದ್ದು ಅಂತಲೇ ತಿಳಿಯುವುದಾದರೆ, ಅನುವಾದ ಅಂತ ನಾನೇ ಮೊದಲು ಹೇಳಿಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ!

ಇದೇ ಉಪಾಯವನ್ನು ನಮ್ಮದೇ ಜಿಲ್ಲೆಯ ಒಬ್ಬ ಯುವಕ ನೂರಿಪ್ಪತ್ತು ವರ್ಷಕ್ಕೂ ಹಿಂದೆಯೇ ಮಾಡಿದ್ದ ಎಂಬುದು ಆಗ ನನಗೆ ನೆನಪಿಗೆ ಬರಲಿಲ್ಲ. ನೆನಪು ಅಂತ ಯಾಕೆ ಹೇಳಿದೆನೆಂದರೆ, ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರು ಅವನ ಬಗ್ಗೆ ಹೇಳಿದ್ದರು. ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಯುವಷ್ಟು ಮಾತ್ರ ಕೇಳಿಸಿಕೊಂಡಿದ್ದೆ.

ಅವನು ಮುದ್ದಣ. ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಕಡೆಯ ನಂದಳಿಕೆಯಲ್ಲಿ. ಮನೆಯಲ್ಲಿ ಬಡತನ, ಓದು ಅರ್ಧಕ್ಕೆ ನಿಂತಿತು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾದ, ಅಂದರೆ ಇವತ್ತಿನ ನಮ್ಮ ಪಿ.ಟಿ. ಮಾಸ್ಟ್ರು. ಕುಂದಾಪುರದಲ್ಲೂ ಸ್ವಲ್ಪ ಕಾಲ ಪಾಠ ಮಾಡಿದ. 1901ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ವಯಸ್ಸು ಮೂವತ್ತೊಂದು. ಇಷ್ಟು ಕಡಿಮೆ ಆಯಸ್ಸಿನಲ್ಲಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸುವ ಕೆಲಸದ ನಡುವೆ, ಅವನು ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಬರೆದ. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳೂ ಅವನವೇ.

ಬರೆದದ್ದನ್ನು ಮೈಸೂರಿಗೆ ಕಳಿಸಿದ. ಅಲ್ಲಿಂದ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಎಂಬ ಮಾಲೆಗಳಲ್ಲಿ ಹಳೆಯ ಕನ್ನಡ ಕೃತಿಗಳು ಅಚ್ಚಾಗುತ್ತಿದ್ದವು. ಮುದ್ದಣ ‘ಇದು ನಾನು ಬರೆದದ್ದು’ ಎಂದು ಹೇಳಲಿಲ್ಲ. ಹಳೆಯ ಕವಿಯ ಪ್ರತಿ ಸಿಕ್ಕಿತು ಎಂಬಂತೆ ಕಳಿಸಿದ. ಹಳಗನ್ನಡವನ್ನು ಅಷ್ಟು ಸಲೀಸಾಗಿ ಬರೆಯುತ್ತಿದ್ದನಾದ್ದರಿಂದ ವಿದ್ವಾಂಸರು ನಂಬಿದರು, ಅಚ್ಚು ಹಾಕಿದರು. ನಿಜವಾಗಿ ಬರೆದವನು ಉಡುಪಿಯ ಡ್ರಿಲ್ ಮಾಸ್ಟ್ರು ಎಂದು ಲೋಕಕ್ಕೆ ಗೊತ್ತಾದದ್ದು ಅವನು ಸತ್ತ ಮೇಲೆ.

ರಜೆಯಲ್ಲಿ ಅಪ್ಪನ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ‘ರಾಮಾಶ್ವಮೇಧ’ವನ್ನು ಅರ್ಥಕೋಶ ಪಕ್ಕದಲ್ಲಿಟ್ಟುಕೊಂಡು ಓದುತ್ತಾ ನನಗೆ ಅನ್ನಿಸಿದ್ದು ಇಷ್ಟು: ಆ ಕಾಲದಲ್ಲಿ ಬೆಲೆ ಬರಬೇಕಾದರೆ ಬರಹ ಹಳೆಯದಾಗಿರಬೇಕಿತ್ತು. ಈಗ ಹೊರಗಿನದ್ದಾಗಿರಬೇಕು. ಅವನು ತನ್ನ ಕಥೆಗೆ ಐನೂರು ವರ್ಷ ವಯಸ್ಸು ಹೆಚ್ಚಿಸಿದ, ನಾನು ನನ್ನದಕ್ಕೆ ಪಾಸ್‌ಪೋರ್ಟ್ ಮಾಡಿಸಿದೆ. ಭಯ ಮಾತ್ರ ಒಂದೇ.

ಆದರೆ ಮುದ್ದಣ ನನಗಿಂತ ಜಾಣ. ಹೆಸರು ಬಚ್ಚಿಟ್ಟವನು ಅದನ್ನು ಪುಸ್ತಕದ ಒಳಗೇ ಬಿಟ್ಟುಹೋಗಿದ್ದಾನೆ. ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವವನ ಹೆಸರೇ ಮುದ್ದಣ. ಕೇಳುವವಳು ಹೆಂಡತಿ ಮನೋರಮೆ. ಮಳೆಗಾಲದ ಒಂದು ಸಂಜೆ ದಣಿದು ಮನೆಗೆ ಬಂದವನನ್ನು ಅವಳು ಕಥೆ ಹೇಳು ಎನ್ನುತ್ತಾಳೆ. ಪದ್ಯ ಬೇಡ, ಗದ್ಯ ಸಾಕು ಎನ್ನುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ತಡೆಯುತ್ತಾಳೆ. ನಡುನಡುವೆ ಬಾಯಿ ಹಾಕುತ್ತಾಳೆ, ಕೀಟಲೆ ಮಾಡುತ್ತಾಳೆ. ಇಡೀ ಪುಸ್ತಕದಲ್ಲಿ ಎಲ್ಲರಿಗೂ ನೆನಪಿರುವುದು ಕುದುರೆಯ ಹಿಂದೆ ಹೋದ ಶತ್ರುಘ್ನನಲ್ಲ, ಈ ಗಂಡ–ಹೆಂಡತಿಯ ಮಾತು.

ಇಲ್ಲಿ ಯಾರಾದರೂ ಕೇಳಬಹುದು, ಮುದ್ದಣ ಕವಿ ತಾನೆ, ಅವನನ್ನು ಫ್ಯಾಂಟಸಿ ಕಾದಂಬರಿಕಾರ ಅನ್ನುವುದು ಹೇಗೆ? ವಿಮರ್ಶಕರು ಒಪ್ಪಲಿಕ್ಕಿಲ್ಲ, ಗೊತ್ತುಂಟು. ಆದರೂ ನೋಡಿ. ‘ಅದ್ಭುತ ರಾಮಾಯಣ’ದ ಕಥೆಯಲ್ಲಿ ಹತ್ತು ತಲೆಯ ರಾವಣ ಸತ್ತ ಮೇಲೆ ಸಾವಿರ ತಲೆಯ ಇನ್ನೊಬ್ಬ ರಾವಣ ಇದ್ದಾನೆಂದು ಗೊತ್ತಾಗುತ್ತದೆ, ಅವನ ಮುಂದೆ ರಾಮನ ಆಟ ನಡೆಯುವುದಿಲ್ಲ, ಕೊನೆಗೆ ಸೀತೆಯೇ ಉಗ್ರರೂಪ ತಾಳಿ ಕೊಲ್ಲುತ್ತಾಳೆ. ಕಥೆಯ ಮೂಲ ಸಂಸ್ಕೃತದ್ದು. ಆದರೆ ಇರುವ ಅಷ್ಟೂ ರಾಮಾಯಣಗಳಲ್ಲಿ ಇದನ್ನೇ ಆರಿಸಿಕೊಂಡವನ ರುಚಿ ಯಾವುದು ಎಂದು ಬೇರೆ ಹೇಳಬೇಕೆ? ‘ರಾಮಾಶ್ವಮೇಧ’ ಗದ್ಯದಲ್ಲಿದೆ. ಒಂದು ಕುದುರೆ, ಅದರ ಹಿಂದೆ ಒಂದು ಸೈನ್ಯ, ಹೋದಹೋದಲ್ಲಿ ಹೊಸ ರಾಜ್ಯ, ಹೊಸ ಯುದ್ಧ. ಇವತ್ತು ಇಂಗ್ಲಿಷಿನಲ್ಲಿ ಬಂದರೆ ಮೂರು ಭಾಗ ಮಾಡಿ ಮಾರುತ್ತಾರೆ, ಮುಂಚಿತವಾಗಿ ಬುಕ್ ಮಾಡಿದವರಿಗೆ ನಕ್ಷೆ ಉಚಿತ.

ಅಷ್ಟೇ ಏಕೆ, ‘ಕಾದಂಬರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದು ಬಾಣಭಟ್ಟನ ಸಂಸ್ಕೃತ ಕೃತಿಯ ನಾಯಕಿಯ ಹೆಸರು. ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಅದರಲ್ಲಿ ಕಥೆ ಹೇಳುವುದು ಒಂದು ಗಿಣಿ. ಶಾಪದಿಂದ ಮನುಷ್ಯ ಗಿಣಿಯಾಗುತ್ತಾನೆ, ಗೆಳೆಯ ಕುದುರೆಯಾಗುತ್ತಾನೆ, ಚಂದ್ರನೇ ರಾಜಕುಮಾರನಾಗಿ ಹುಟ್ಟಿ ಬರುತ್ತಾನೆ, ಪ್ರೀತಿ ಒಂದು ಜನ್ಮದಲ್ಲಿ ಮುಗಿಯುವುದಿಲ್ಲ. ಮುಂದೆ ಇಂಗ್ಲಿಷಿನ ನಾವೆಲ್ಲಿಗೆ ಕನ್ನಡದಲ್ಲೊಂದು ಹೆಸರು ಬೇಕಾದಾಗ ನಮ್ಮವರು ಇದರ ಹೆಸರನ್ನೇ ಇಟ್ಟರು. ಅಂದರೆ ಹಳ್ಳಿಯ ಬಡತನದ ಬಗ್ಗೆ, ಮುರಿದ ಸಂಸಾರದ ಬಗ್ಗೆ ಬರೆದ ಪುಸ್ತಕವನ್ನೂ ನಾವು ಒಂದು ಫ್ಯಾಂಟಸಿಯ ಹೆಸರಿನಿಂದ ಕರೆಯುತ್ತೇವೆ. ಕನ್ನಡಕ್ಕೆ ಫ್ಯಾಂಟಸಿ ಒಗ್ಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ಎಲ್ಲಿ ತಪ್ಪಿತು? 1899ರಲ್ಲಿ, ಮುದ್ದಣ ಇನ್ನೂ ಬದುಕಿದ್ದಾಗಲೇ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅದು. ವಿಧವೆಯಾದ ಹುಡುಗಿ ಓದಿ, ಮರುಮದುವೆಯಾಗುವ ಕಥೆ. ಆ ಕಾಲಕ್ಕೆ ಅದನ್ನು ಬರೆಯಲು ಎಂಟೆದೆ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಒಂದೇ ಸಮಯದಲ್ಲಿ, ಉಡುಪಿ ಮತ್ತು ಮಂಗಳೂರು ಎಂಬ ಎರಡು ಊರುಗಳಲ್ಲಿ, ಇವತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವಷ್ಟು ದೂರದಲ್ಲಿ, ಕನ್ನಡ ಗದ್ಯದ ಎರಡು ದಾರಿಗಳು ತೆರೆದುಕೊಂಡಿದ್ದವು. ನಾವು ವೆಂಕಟರಾಯರ ದಾರಿಯನ್ನು ಹಿಡಿದೆವು. ಅದರಲ್ಲಿ ದೊಡ್ಡ ದೊಡ್ಡ ಲೇಖಕರು ನಡೆದರು. ಇನ್ನೊಂದು ದಾರಿ ಯಕ್ಷಗಾನದ ಟೆಂಟಿನೊಳಗೆ, ಮಕ್ಕಳ ಪತ್ರಿಕೆಗಳೊಳಗೆ ಹೋಗಿ ಕೂತಿತು. ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಕ್ಕೆ ಬರುವಾಗ ರಾತ್ರಿ ಎರಡು ಗಂಟೆಗೂ ಎಚ್ಚರವಿದ್ದು ನೋಡುವ ಜನ ನಾವು. ಅದೇ ರಾಕ್ಷಸ ಕಾದಂಬರಿಯಲ್ಲಿ ಬಂದರೆ ಮಾತ್ರ “ಮಕ್ಕಳ ಕಥೆಯಾ?” ಅನ್ನುತ್ತೇವೆ.

ಈಗ ಹೊಟ್ಟೆಪಾಡಿನ ಮಾತಿಗೆ ಬರುತ್ತೇನೆ. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಕೆಲಸ ಹುಡುಕುತ್ತಿರುವವರು, ನಾನೂ ಬರುವ ವರ್ಷ ಆ ಸಾಲಿನಲ್ಲೇ ನಿಲ್ಲುವವನು. ನಾನು ಎಲೆಕ್ಟ್ರಿಕಲ್ ವಿಭಾಗ, ಮೂರನೇ ವರ್ಷ. ಶಿಕ್ಷಣ ಸಾಲ ಇದೆ. ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಅಪ್ಪ ಬೈಯುವುದೂ ಇಲ್ಲ. “ಬರೆ, ಯಾರು ಬೇಡ ಅಂದದ್ದು? ಮೊದಲು ಒಂದು ಕೆಲಸ ಹಿಡಿ” ಅನ್ನುತ್ತಾರೆ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಆದರೆ ಓದುತ್ತಾ ಹೋದಂತೆ ಅಪ್ಪನ ಮಾತು ಅಷ್ಟು ತಪ್ಪಲ್ಲ ಅನ್ನಿಸಿತು. ಮುದ್ದಣ ಡ್ರಿಲ್ ಮಾಸ್ಟ್ರು, ಗುಲ್ವಾಡಿಯವರು ಪೊಲೀಸ್ ಇಲಾಖೆಯವರು. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಪಾಠ ಮಾಡುತ್ತಿದ್ದ ಪ್ರೊಫೆಸರ್. ‘ದ ಹಾಬಿಟ್’ ಬಂದದ್ದು 1937ರಲ್ಲಿ, ‘ದ ಲಾರ್ಡ್ ಆಫ್ ದ ರಿಂಗ್ಸ್’ ಬಂದದ್ದು 1954–55ರಲ್ಲಿ. ನಡುವೆ ಹದಿನೇಳು ವರ್ಷ. ಆ ಹದಿನೇಳು ವರ್ಷವೂ ಪಾಠ ಮಾಡಿದ, ಉತ್ತರ ಪತ್ರಿಕೆ ತಿದ್ದಿದ. ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್ಸನ್ ಕಾಲೇಜು ಓದುವಾಗ ಹೋಟೆಲೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದ. ಅತಿಥಿಗಳು ಮಲಗಿದ ಮೇಲೆ ಕೌಂಟರಿನಲ್ಲಿ ಕೂತು ಒಂದರ ಮೇಲೊಂದು ಕಾದಂಬರಿ ಬರೆದಿಟ್ಟ. ಅವನ ‘ಇಲಾಂಟ್ರಿಸ್’ 2005ರಲ್ಲಿ ಪ್ರಕಟವಾಗುವ ಮೊದಲೇ ಅವನ ಬಳಿ ಹಸ್ತಪ್ರತಿಗಳ ರಾಶಿಯೇ ಇತ್ತು. ನನಗೆ ಎಲ್ಲರಿಗಿಂತ ಹತ್ತಿರದವನು ಟೆರ್ರಿ ಪ್ರ್ಯಾಚೆಟ್. ಇಂಗ್ಲೆಂಡಿನ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿ, ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಕರ್ತರಿಗೆ ಉತ್ತರ ಹೇಳುವ ಕೆಲಸದಲ್ಲಿದ್ದುಕೊಂಡೇ 1983ರಲ್ಲಿ ಅವನು ಡಿಸ್ಕ್‌ವರ್ಲ್ಡ್ ಸರಣಿಯ ಮೊದಲ ಪುಸ್ತಕ ತಂದ. ನಾಲ್ಕು ಆನೆಗಳ ಬೆನ್ನ ಮೇಲೆ ಕೂತ ಚಪ್ಪಟೆ ಭೂಮಿ, ಆ ಆನೆಗಳ ಕೆಳಗೊಂದು ಆಮೆ. ಮೆಸ್ಕಾಂ ಕಚೇರಿಯಲ್ಲಿ ಕೂತು ಯಾರಾದರೂ ಹಾಗೆ ಬರೆಯುತ್ತಿರಬಹುದು, ಯಾರಿಗೆ ಗೊತ್ತು?

ಹಾಗಾಗಿ ಕೆಲಸವನ್ನು ಬರವಣಿಗೆಯ ಶತ್ರು ಅಂತ ನಾನು ನೋಡುವುದಿಲ್ಲ. ಆದರೆ ಮುದ್ದಣನ ಬದುಕನ್ನು ಉದಾಹರಣೆ ಕೊಟ್ಟು ‘ನೋಡಿ, ಕಷ್ಟದಲ್ಲೂ ಸಾಧಿಸಿದ’ ಎಂದು ಭಾಷಣ ಮಾಡುವವರನ್ನು ಕಂಡರೆ ಸಿಟ್ಟು ಬರುತ್ತದೆ. ಮೂವತ್ತೊಂದಕ್ಕೆ ಸತ್ತವನ ಬಡತನ ಸ್ಫೂರ್ತಿಯ ವಿಷಯವಲ್ಲ. ಅವನಿಗೆ ಒಳ್ಳೆಯ ಔಷಧಿ, ಸ್ವಲ್ಪ ಹಣ, ಇನ್ನೊಂದಿಪ್ಪತ್ತು ವರ್ಷ ಸಿಕ್ಕಿದ್ದರೆ ಇವತ್ತು ಕನ್ನಡದಲ್ಲಿ ಫ್ಯಾಂಟಸಿಗೆ ಒಂದು ಕಪಾಟೇ ಇರುತ್ತಿತ್ತು.

ಇಷ್ಟೆಲ್ಲ ಹೇಳುವ ನಾನು ಕನ್ನಡದಲ್ಲಿ ಬರೆದದ್ದು ಹಿಮದ ಕೋಟೆಯ ಬಗ್ಗೆ! ಆ ತಪ್ಪನ್ನು ಕಂಡುಹಿಡಿದದ್ದು ಯಾವ ವಿಮರ್ಶಕರೂ ಅಲ್ಲ, ಒಂಬತ್ತನೇ ಕ್ಲಾಸಿನ ನನ್ನ ತಂಗಿ. ಜುಲೈ ತಿಂಗಳು. ನಾಲ್ಕು ದಿನದಿಂದ ಬಿಡದ ಮಳೆ. ಜಗಲಿಯಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ ಹಾಕಿದ ಬಟ್ಟೆ ಒಣಗದೆ ಮುಗ್ಗಲು ವಾಸನೆ. ಅವುಗಳ ನಡುವೆ ಬಗ್ಗಿಕೊಂಡು ಬಂದವಳು ಕೇಳಿದಳು:

“ಅಣ್ಣಾ, ಆ ಕೋಟೆಯವರು ಬಟ್ಟೆ ಎಲ್ಲಿ ಒಣಗಿಸುವುದು?”

“ಬೆಂಕಿ ಹತ್ರ.”

“ಕಟ್ಟಿಗೆ ಎಲ್ಲಿಂದ? ಹಿಮದಲ್ಲಿ ಚಂಡಿಯಾಗುವುದಿಲ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ.

“ಊಟಕ್ಕೆ ಎಂತ?”

“ಬ್ರೆಡ್ಡು, ಚೀಸು.”

“ದಿನಾ?”

ನಲವತ್ತು ಸಾವಿರ ಪದ ಬರೆದಿದ್ದೆ. ಒಂದು ಸಾಮ್ರಾಜ್ಯವನ್ನೇ ಕಟ್ಟಿದ್ದೆ. ಅಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹಿಮವನ್ನು ನಾನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿದವನಲ್ಲ. ನಾನು ಅನುವಾದ ಎಂದು ಸುಳ್ಳು ಹೇಳಿದ್ದೆ ಅಂದುಕೊಂಡಿದ್ದೆ. ಅಷ್ಟೇನೂ ಸುಳ್ಳಲ್ಲ. ಟೋಲ್ಕಿನ್ ತನ್ನ ನೆಲದ ಹಳೆಯ ಕಾವ್ಯಗಳನ್ನು ಅರೆದು ಕುಡಿದು ತನ್ನ ಲೋಕವನ್ನು ಕಟ್ಟಿದ. ನಾವು ಅವನ ಪರ್ವತಗಳನ್ನು ತೆಗೆದುಕೊಂಡೆವು, ಅವನು ಮಾಡಿದ ಕೆಲಸವನ್ನು ಬಿಟ್ಟೆವು.

ನಮ್ಮ ನೆಲದಲ್ಲಿ ಏನಿದೆ ಎಂದು ನಾನು ಬಹಳ ದೂರ ಹುಡುಕಬೇಕಾಗಿರಲಿಲ್ಲ. ಮುದ್ದಣ ಹುಟ್ಟಿದ ನಂದಳಿಕೆಯಲ್ಲೇ ಬೇಸಿಗೆಯ ಹುಣ್ಣಿಮೆಯ ರಾತ್ರಿ ಸಿರಿ ಜಾತ್ರೆ ನಡೆಯುತ್ತದೆ. ಸಿರಿಯ ಕಥೆ ತುಳುವಿನ ದೊಡ್ಡ ಪಾಡ್ದನ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ನಮ್ಮ ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಇದನ್ನು ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಗ್ರೀಕರ ‘ಇಲಿಯಡ್’ ಹೆಚ್ಚುಕಡಿಮೆ ಅಷ್ಟೇ ಉದ್ದ. ಇಷ್ಟನ್ನು ಒಬ್ಬ ಕೃಷಿಕ ನೆನಪಿನಿಂದ ಹಾಡಿದರು. ನಮಗೆ ಇಂಟರ್ನಲ್ಸ್‌ಗೆ ನಾಲ್ಕು ಸೂತ್ರ ನೆನಪಿಡಲು ಆಗುವುದಿಲ್ಲ.

ಇನ್ನೇನು, ಸಿರಿಯನ್ನು, ದೈವಗಳನ್ನು ತಂದು ಕಾದಂಬರಿಗೆ ಹಾಕಿದರಾಯಿತಲ್ಲ ಎಂದು ನನಗೂ ಅನ್ನಿಸಿತ್ತು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಅನೇಕರಿಗೆ ಅನ್ನಿಸಿದ್ದು ಅದೇ. ಅಮ್ಮನ ಹತ್ತಿರ ಹೇಳಿದೆ. ಅವರು ಒಲೆಯ ಮುಂದಿನಿಂದ ತಿರುಗದೆಯೇ, “ಅದು ಕಥೆಯಲ್ಲ ಮಗಾ, ನಮ್ಮ ಮನೆಯವರು” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಜಾತ್ರೆಯ ರಾತ್ರಿ ತನ್ನ ದುಃಖವನ್ನೆಲ್ಲ ಸಿರಿಯ ಹೆಸರಿನಲ್ಲಿ ಹೊರಹಾಕುವ ಹೆಂಗಸಿಗೆ ಅದು ಫ್ಯಾಂಟಸಿ ಅಲ್ಲ. ಅವಳ ನಂಬಿಕೆಯನ್ನು ತೆಗೆದು ನನ್ನ ನಾಯಕನಿಗೆ ಸೂಪರ್ ಪವರ್ ಮಾಡಿ ಕೊಡುವ ಹಕ್ಕು ನನಗಿಲ್ಲ ಎಂದೇ ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಬಹುದು. ಮುದ್ದಣ ದೇವರ ಕಥೆಯನ್ನೇ ಬರೆದ, ನಿಜ. ಆದರೆ ಪಕ್ಕದಲ್ಲಿ ಮನೋರಮೆಯನ್ನು ಕೂರಿಸಿಕೊಂಡ. ಅವಳು ನಗಬಹುದು, ಕೇಳಬಹುದು, ಕಥೆಯನ್ನು ನಿಲ್ಲಿಸಬಹುದು. ನಂಬಿಸುವುದಕ್ಕೆ ಹೊರಟವನು ಅವಳನ್ನು ಅಲ್ಲಿ ಇಡುತ್ತಿರಲಿಲ್ಲ. ನಾನು ಅವನಿಂದ ತೆಗೆದುಕೊಳ್ಳಬೇಕಾದದ್ದು ರಾವಣನನ್ನಲ್ಲ, ಮಳೆಗಾಲದ ಆ ಸಂಜೆಯನ್ನು.

ಈಗ ಹೊಸದಾಗಿ ಬರೆಯುತ್ತಿದ್ದೇನೆ. ಮಳೆ ನಿಲ್ಲದ ಒಂದು ಊರು. ಅಲ್ಲಿ ಒಬ್ಬಳು ಅಜ್ಜಿ, ಸಿಡಿಲನ್ನು ಉಪ್ಪಿನಕಾಯಿ ಭರಣಿಯಲ್ಲಿ ಹಿಡಿದಿಡುವವಳು. ನಗಬೇಡಿ. ಜಗತ್ತಿನ ಮೊದಲ ಕೆಪಾಸಿಟರ್ ಎಂದು ನಾವು ಓದುವ ಲೇಡನ್ ಜಾರ್ ಕೂಡ ಒಂದು ಗಾಜಿನ ಭರಣಿಯೇ. ಕಲಿತ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಇಲ್ಲಾದರೂ ಉಪಯೋಗಕ್ಕೆ ಬರಲಿ. ಆ ಊರಿನಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮೊದಲ ಕಂತನ್ನು ಹೋದ ವಾರ ಗುಂಪಿಗೆ ಹಾಕಿದೆ. ಕೊನೆಯಲ್ಲಿ ನನ್ನ ಹೆಸರು ಬರೆದು, ಆರ್. ಗ್ರೇ ಯಾರೆಂಬುದನ್ನೂ ಹೇಳಿದೆ. ಮೊದಲಿನ ಕಥೆಗೆ ಬರುತ್ತಿದ್ದಷ್ಟು ಪ್ರತಿಕ್ರಿಯೆ ಬರಲಿಲ್ಲ. ಇಬ್ಬರು ಹೆಬ್ಬೆರಳು ತೋರಿಸಿದರು. ಒಬ್ಬ ‘ಡ್ರ್ಯಾಗನ್ ಕಥೆ ಮುಗಿಸು ಮಾರಾಯ, ಅದು ಒಳ್ಳೆದಿತ್ತು’ ಎಂದು ಬರೆದ. ಪಿಡಿಎಫ್ ಕೇಳಿದ್ದ ಗೆಳೆಯ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಲ್ಯಾಬಿನಲ್ಲಿ ಮೀಟರ್ ಜೋಡಿಸುತ್ತಾ, “ಹಾಗಾದ್ರೆ ಆ ಮೊಟ್ಟೆ ಎಂತ ಆಯ್ತು? ನಿನಗಾದ್ರೂ ಗೊತ್ತುಂಟಾ?” ಎಂದು ಕೇಳಿದ. ಗೊತ್ತಿಲ್ಲ ಎಂದೆ.

ತಂಗಿಗೆ ಎರಡನೇ ಕಂತು ಓದಿ ಹೇಳಿದೆ. ಅವಳದ್ದು ಒಂದೇ ಪ್ರಶ್ನೆ. ಭರಣಿಯ ಬಾಯಿಗೆ ಅಜ್ಜಿ ಬಟ್ಟೆ ಕಟ್ಟುತ್ತಾಳಾ, ಮರದ ಮುಚ್ಚಳ ಹಾಕುತ್ತಾಳಾ? ಬಟ್ಟೆಯಾದರೆ ಸುಟ್ಟುಹೋಗುವುದಿಲ್ವಾ? ನಾಳೆ ಹೇಳುತ್ತೇನೆ ಅಂದಿದ್ದೇನೆ.